ಫೋರ್‌ಮನ್ನರ ಕೌಂಟಿ ಕ್ರಿಕೆಟ್

ಸೌದಿಯ ರಾಸ್ ತನೂರಾದ ವರ್ಕ್‌ಶಾಪಿನಲ್ಲಿ ನಮ್ಮ ಫೋರ್‌ಮನ್ ಉಡುಪಿ ಕಡೆಯವರು. ಊಟದ ಹೊತ್ತಿಗೆ ಅವರ ಒಂದು ಕೈಯಲ್ಲಿ ಖುಬ್ಬೂಸ್ ರೊಟ್ಟಿ, ಇನ್ನೊಂದರಲ್ಲಿ ಮೊಬೈಲು, ಅದರಲ್ಲಿ ಇಂಗ್ಲೆಂಡಿನ ಜಿಲ್ಲಾ ತಂಡಗಳು ಆಡುವ ಕೌಂಟಿ ಕ್ರಿಕೆಟ್. "ಚಳಿಯಲ್ಲಿ ನಾಲ್ಕು ದಿನ ಆಡುವವನಿಗೆ ಚಿಲ್ಲರೆ ಸಂಬಳ, ಒಂದು ಸಂಜೆ ಬ್ಯಾಟು ಬೀಸಿದವನಿಗೆ ಕೋಟಿ. ಇದೆಂತ ನ್ಯಾಯ ಮಾರಾಯ?" ಎಂದು ರೇಗುತ್ತಿದ್ದರು. ತಮ್ಮ ಮೆಚ್ಚಿನ ಕೌಂಟಿ ತಂಡದವರು ಸೊನ್ನೆಗೆ ಔಟಾದರೆ ಮಾತ್ರ ಕೋಪವಿಲ್ಲ. "ಏಪ್ರಿಲ್ ಅಲ್ವಾ, ಅಲ್ಲಿ ಇನ್ನೂ ಚಳಿ, ಚೆಂಡು ಸ್ವಿಂಗ್ ಆಗ್ತದೆ. ಜೂನ್ ಬರಲಿ, ನೋಡು."

ಆ ಏಪ್ರಿಲ್‌ನಲ್ಲೇ ನಾನು ವೆಲ್ಡರ್ ಆಗಿ ಸೇರಿದ್ದೆ. ನಾನು ಬೆಸೆದ ಪೈಪುಗಳು ಪರೀಕ್ಷೆಯಲ್ಲಿ ಸೋರಿದವು. ಮ್ಯಾನೇಜರ್ ಇಂಗ್ಲೆಂಡಿನವರು, ಫೋರ್‌ಮನ್ನರ ತಂಡದ ಬದ್ಧ ಎದುರಾಳಿ ಕೌಂಟಿಯ ಅಭಿಮಾನಿ; ಅವರು ನನ್ನನ್ನು ಊರಿಗೆ ಕಳಿಸಲು ಹೊರಟರು. ಫೋರ್‌ಮನ್ ನನ್ನನ್ನು ಎಳೆದುಕೊಂಡು ಅವರ ಕೋಣೆಗೆ ನುಗ್ಗಿದರು.

"ಸಾರ್, ನಿಮ್ಮ ಕೌಂಟಿಯವರು ಏಪ್ರಿಲ್‌ನಲ್ಲಿ ಸೋತರೂ ಬೇಸಿಗೆಯಲ್ಲಿ ಎಷ್ಟು ಚೆಂದ ಆಡ್ತಾರೆ! ಇವನಿಗೂ ಜೂನ್‌ವರೆಗೆ ಸಮಯ ಕೊಡಿ."

ಮ್ಯಾನೇಜರ್ ಮುಖ ಅರಳಿತು. ನಗುತ್ತಲೇ ಒಪ್ಪಿದರು.

ಹೊರಗೆ ಬಂದು ನಾನು ಕಣ್ಣೊರೆಸಿಕೊಂಡು ಕೈಮುಗಿದೆ. ಫೋರ್‌ಮನ್ನರ ಮುಖ ಮಾತ್ರ ಹುಳ್ಳಗಾಗಿತ್ತು.

"ಇನ್ನು ಸರಿಯಾಗಿ ಕೆಲಸ ಮಾಡು ಮಾರಾಯ. ಆ ದರಿದ್ರ ಟೀಮನ್ನು ನಾನು ಜೀವಮಾನದಲ್ಲಿ ಇವತ್ತಿನ ತನಕ ಹೊಗಳಿದವನಲ್ಲ!"