ಜೈಬ್ ಕಲಿಯದ ಹಿಂಗಾಲು

ಚಿಂಚೋಳಿ ಕಡೆಯ ಜಲಾಶಯವೊಂದರ ದಂಡೆಯ ಖಾಸಗಿ ಕ್ಯಾಂಪಿನಲ್ಲಿ ನಾನು ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಲ್ಲಿ ಸಾಗುವುದನ್ನು, ಕಲಿಸುತ್ತಿದ್ದೆ. ಈ ಆಷಾಢಕ್ಕೆ ಮಾಲೀಕರು ಫಾಯಿಲ್ ಬೋರ್ಡು ತಂದರು. "ಗಾಳಿ ಇರೂದ್ರಾಗ ಇದರ ಮ್ಯಾಲ ಜೈಬ್ ಹೊಡದು ತೋರಸ್ರಿ. ಬರಲಿಲ್ಲಂದ್ರ ದಂಡಿ ಮ್ಯಾಲಿನ ಕೆಲಸ ನೋಡ್ಕೋರಿ," ಎಂದರು. ನೀರಿನ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಬಂದರೂ ಬೇಡ.

ಜೈಬ್ ಎಂದರೆ ಗಾಳಿಗೆ ಬೆನ್ನು ಕೊಟ್ಟು ಬೋರ್ಡು ತಿರುಗಿಸಿ, ಹಾಯಿಯನ್ನು ಇನ್ನೊಂದು ಬದಿಗೆ ಹೊರಳಿಸುವುದು. ಹಳೆಯ ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್ ಇರುತ್ತದೆ. ಹಿಂಗಾಲು ಊರಿ ಒಳಅಂಚನ್ನು ನೀರಿಗೆ ಅದುಮಿದರೆ ಸಾಕು, ತಿರುಗುತ್ತದೆ. ನಿದ್ದೆಗಣ್ಣಿನಲ್ಲೂ ಮಾಡಿಯೇನು. ನಮ್ಮದು ಶಹಾಬಾದ ಹತ್ತಿರ ಕಾಗಿಣಾ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದ ಮನೆತನ. ಗಳ ಊರಿ ದೋಣಿ ನೂಕುವುದನ್ನು ಕಲಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಹಿಂದಿನ ಹಿಮ್ಮಡ ಗಟ್ಟಿ ಊರು. ಅದು ಎದ್ದತಂದ್ರ ನೀ ನೀರಾಗ."

ಫಾಯಿಲ್‌ಗೆ ಆ ಮಾತೇ ಆಗದು. ಅದರಲ್ಲಿ ಉದ್ದ ಕಂಬದ ತುದಿಗೆ ರೆಕ್ಕೆ; ವೇಗ ಸಿಕ್ಕರೆ ಬೋರ್ಡು ನೀರು ಬಿಟ್ಟು ಮೇಲೇಳುತ್ತದೆ. ತಿರುವಿನಲ್ಲಿ ಭಾರ ಮುಂಗಾಲಿಗೆ ಬರಬೇಕು. ಹಿಂಗಾಲು ಒತ್ತಿದರೆ ಬೋರ್ಡು ಮೂತಿ ಎತ್ತುತ್ತದೆ, ರೆಕ್ಕೆ ನೀರಿನಿಂದ ಹೊರಬರುತ್ತದೆ, ಆಮೇಲೆ ಬೀಳುವುದೇ. ಇದೆಲ್ಲ ನನಗೆ ಬಾಯಿಪಾಠ. ಬಾಯಲ್ಲಿ ಹೇಳುತ್ತಲೇ ಒತ್ತುತ್ತಿದ್ದೆ, ಬೀಳುತ್ತಿದ್ದೆ.

ಬುತ್ತಿ ತರುತ್ತಿದ್ದ ಹೆಂಡತಿ ದಂಡೆಯಿಂದ ಕೂಗಿದಳು: "ಅಲ್ರೀ, ಆ ಕಾಲು ನಿಮ್ದೋ, ನಮ್ಮ ಮಾವಂದೋ?" ಮೊದಲೆರಡು ದಿನ ನಗು ಬಂತು. ಆಮೇಲೆ ಬುತ್ತಿ ಬಿಚ್ಚದೆ ಮತ್ತೆ ನೀರಿಗಿಳಿಯುತ್ತಿದ್ದೆ. ಒತ್ತಿದರೆ ಚುಚ್ಚಲಿ ಎಂದು ಹಿಮ್ಮಡಿಗೆ ಜಾಲಿಮುಳ್ಳು ಕಟ್ಟಿಕೊಂಡೂ ನೋಡಿದೆ. ಮುಳ್ಳು ಒಳಗೆ ಹೋಯಿತು, ಹಿಮ್ಮಡಿ ಏಳಲಿಲ್ಲ. ಆ ಸಂಜೆ ನೀರಲ್ಲೇ ನಿಂತು ಅತ್ತೆ.

ಮಾಲೀಕರು ನೋಡಲು ಬಂದ ದಿನ ಗಾಳಿ ಭರ್ತಿ ಇತ್ತು, ನೆಪ ಹೇಳುವಂತಿರಲಿಲ್ಲ. ಬೋರ್ಡು ಎದ್ದಿತು. ಮುಂಗಾಲಿಗೆ ಭಾರ ಕೊಟ್ಟೆ, ತಿರುಗಿದೆ, ಹಾಯಿಯೂ ಹೊರಳಿತು. ಕಾಲು ಬದಲಿಸುವಾಗ ಬೋರ್ಡು ಒಂಚೂರು ಅಲುಗಿತು. ಹೆದರಿದೆ. ಹೆದರಿದ ಕೂಡಲೇ ಹಿಮ್ಮಡಿ ತಾನಾಗಿಯೇ ಊರಿತು. ನೀರೊಳಗೆ ಮುಳುಗಿದಾಗ, ಜೀವನದಲ್ಲಿ ಮೊದಲ ಸಲ, ತೀರಿಹೋದ ಅಪ್ಪನನ್ನು ಬೈದೆ.

ಮರುದಿನದಿಂದ ಬಂದವರಿಗೆ ಲೈಫ್ ಜಾಕೆಟ್ ತೊಡಿಸುವ ಕೆಲಸ. ಸೇಡಂ ಕಡೆಯ ಒಬ್ಬರ ಪಟ್ಟಿ ಬಿಗಿಯುತ್ತಿದ್ದೆ. ಅವರು ಕಾಳಜಿಯಿಂದಲೇ ಕೇಳಿದರು: "ಕಾಕಾ, ದಿನಾ ನೀರಿನ ಬಾಜೂಕ ಇರ್ತೀರಿ. ನಿಮಗ ಈಜಾಕರ ಬರ್ತದೇನ್ರಿ?"

"ಬರ್ತದ್ರಿ," ಎಂದು ಮುಂದಿನವರನ್ನು ಕರೆದೆ.