ಅಬ್ಬಾ ಬರೆದ ರಜಾ ಅರ್ಜಿ

ಗೆಳೆಯರೇ, ವಿಶ್ವವಿದ್ಯಾಲಯದ ಹಳೆಯ ದಾಖಲೆಗಳ ಕೋಣೆ ನೋಡಿಕೊಳ್ಳುವ ನನ್ನನ್ನು ಇವತ್ತು ಭದ್ರಾವತಿಯ ಮೆಕ್ಯಾನಿಕ್ ಸಲೀಂ ಹುಡುಕಿಕೊಂಡು ಬಂದರು. ಅವರ ತಂದೆ ನಮ್ಮಲ್ಲಿ ಬಸ್ ಡ್ರೈವರ್ ಆಗಿದ್ದವರು; ಸಲೀಂ ಚಿಕ್ಕವರಿದ್ದಾಗಲೇ ತೀರಿಕೊಂಡರಂತೆ.

"ಅಬ್ಬಾ ಬರೆದಿದ್ದು ಮನೇಲಿ ಒಂದು ಚೀಟಿನೂ ಇಲ್ಲ ಮೇಡಂ. ಅವರ ಅಕ್ಷರ ಹೆಂಗಿತ್ತು ಅಂತ ನೋಡ್ಬೇಕು."

ಎರಡು ಗಂಟೆ ಹುಡುಕಿದ ಮೇಲೆ ಒಂದು ರಜಾ ಅರ್ಜಿ ಸಿಕ್ಕಿತು. ದುಂಡಗಿನ ಕನ್ನಡದಲ್ಲಿ, 'ನಿನ್ನೆ ನನಗೆ ಗಂಡು ಮಗು ಹುಟ್ಟಿದೆ, ಎರಡು ದಿನ ರಜೆ ಬೇಕು' ಎಂದಿತ್ತು. ಕೆಳಗೆ ಅಕ್ಟೋಬರ್ ತಿಂಗಳ ತಾರೀಖು.

ಸಲೀಂ ಆ ಅಕ್ಷರಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. "ಅವರಿಗಿದ್ದ ಗಂಡುಮಗ ನಾನೊಬ್ನೇ. ಆದ್ರೆ ಸ್ಕೂಲಲ್ಲಿ ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಂಡಿದಾರೆ."

"ಜೆರಾಕ್ಸ್ ಮಾಡಿಕೊಡ್ಲಾ?" ಎಂದೆ.

ಅವರು ಬೆರಳಲ್ಲಿ ತಿಂಗಳು ಎಣಿಸಿದರು. "ಮಾಡಿ, ಆದ್ರೆ ತಾರೀಖಿನ ಮೇಲೆ ಒಂದು ಪೇಪರ್ ಇಟ್ಬಿಡಿ. ನಮ್ಮನೆಯವಳು ಹುಟ್ಟಿದ್ದು ಅದೇ ವರ್ಷ ಆಗಸ್ಟಲ್ಲಿ. ನಾನೇ ದೊಡ್ಡೋನು ಅಂತ ಇಷ್ಟು ವರ್ಷ ಜೋರು ಮಾಡಿದೀನಿ."

ದಾಖಲೆ ಮರೆಮಾಚಬಾರದು ಎಂದು ಊರಿಗೆಲ್ಲ ಪಾಠ ಹೇಳುವ ನಾನು, ಪೇಪರ್ ಇಟ್ಟೇ ಜೆರಾಕ್ಸ್ ತೆಗೆದುಕೊಟ್ಟೆ. ಮೂಲ ಪ್ರತಿ ಮಾತ್ರ ಕೋಣೆಯಲ್ಲಿ ಭದ್ರವಾಗಿದೆ. ಅವರ ಮನೆಯವರು ಕೇಳಿಕೊಂಡು ಬಂದರೆ ತೋರಿಸದೆ ವಿಧಿಯಿಲ್ಲ.