ನೀರು ಬೇಡದ ನೆಲ

ಇನ್ಸಾಫಳ ಆಯುಸ್ಸೆಲ್ಲ ನೀರಲ್ಲೇ ಕಳೆಯಿತು. ಅಲೆಕ್ಸಾಂಡ್ರಿಯಾದವಳು ಅಂದಮೇಲೆ ಸಮುದ್ರದ ನೀರೇನೋ ಅಂದುಕೊಳ್ಳಬೇಡಿ. ಸಮುದ್ರ ನೋಡುತ್ತ ಕೂರೋಕೆ ಅವಳಿಗೆಲ್ಲಿತ್ತು ಪುರುಸೊತ್ತು? ಇದು ಬಕೆಟ್ಟಿನ ನೀರು. ಹೆಣ್ಣುಮಕ್ಕಳ ಸರ್ಕಾರಿ ಶಾಲೆಯೊಂದರಲ್ಲಿ ಅವಳು ಆಯಾ. ಬೆಳಗಾದರೆ ಉದ್ದನೆಯ ಮೊಗಸಾಲೆ, ಮಧ್ಯಾಹ್ನವಾದರೆ ಮೆಟ್ಟಿಲು, ರಜೆಯ ಶುಕ್ರವಾರ ಬಂದರೆ ಮನೆಯ ನೆಲ.

ಆ ಊರಲ್ಲಿ ಒದ್ದೆಬಟ್ಟೆಯಲ್ಲಿ ಒರೆಸಿದರೆ ನೆಲ ಸ್ವಚ್ಛವಾಯಿತು ಅಂತ ಯಾರೂ ಒಪ್ಪುವುದಿಲ್ಲ. ನೀರು ಸುರಿಯಬೇಕು, ಗೋಣಿ ಬಟ್ಟೆಯಿಂದ ಉಜ್ಜಬೇಕು, ವೈಪರ್ ಹಿಡಿದು ಬಾಲ್ಕನಿಗೆ ದೂಡಬೇಕು. ಬಾಲ್ಕನಿಯ ತೂತಿನಿಂದ ಅದು ಕೆಳಗಿನವರು ಒಣಗಹಾಕಿದ ಬಟ್ಟೆಯ ಮೇಲೆ ಬೀಳಬೇಕು, ಅವರು ತಲೆ ಹೊರಗೆ ಹಾಕಿ ಬಯ್ಯಬೇಕು. ಅಷ್ಟಾದರೆ ಶುಕ್ರವಾರದ ಕೆಲಸ ಮುಗಿಯಿತು ಅಂತ ಲೆಕ್ಕ. ಇನ್ಸಾಫ್ ಮದುವೆಯಾಗಿ ಬಂದ ಮೊದಲ ಶುಕ್ರವಾರವೇ ಅತ್ತೆ ಬಹಿಯ್ಯಾ ಬಕೆಟ್ ಕೈಗಿತ್ತು, "ತಗೋ ಮಗಳೇ, ಇನ್ಮೇಲೆ ಈ ನೆಲ ನಿಂದು" ಅಂದಿದ್ದಳು. ಬೇರೆ ಸೊಸೆಯರಿಗೆ ಬಳೆ ಸಿಗುತ್ತದೆ, ಇವಳಿಗೆ ಬಕೆಟ್ ಸಿಕ್ಕಿತು.

ಹೋದ ವರ್ಷ ಡಾಕ್ಟರು ಅವಳ ಮಂಡಿಯ ಎಕ್ಸ್‌ರೇ ಬೆಳಕಿಗೆ ಹಿಡಿದು, "ಸವೆಯೋಕೆ ಇನ್ನೇನೂ ಉಳಿದಿಲ್ಲಮ್ಮ. ಬಗ್ಗೋದು, ಭಾರ ಎತ್ತೋದು ಬಿಟ್ಬಿಡಿ" ಅಂದರು. ಬಿಟ್ಟುಬಿಡಬೇಕಂತೆ! ಶಾಲೆಯ ಕೆಲಸ ಬಿಟ್ಟರೆ ಪಿಂಚಣಿ ಇವರಪ್ಪ ಕೊಡುತ್ತಾನಾ ಅಂತ ಟ್ರಾಮಿನಲ್ಲಿ ಒಬ್ಬಳೇ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಶಾಲೆಯಲ್ಲಿ ಬಗ್ಗುವುದು ತಪ್ಪಿದ್ದಲ್ಲ. ಮನೆಯಲ್ಲಾದರೂ ಇನ್ನು ಬಗ್ಗಲಾರೆ ಅಂತ ಅವತ್ತೇ ತೀರ್ಮಾನ ಮಾಡಿದಳು. ಬೀದಿಯ ಹೆಂಗಸರ ಚೀಟಿಯಲ್ಲಿ ತನ್ನ ಸರದಿ ಬಂದಾಗ, "ಮನೆಗೆ ಮರದ ನೆಲ ಹಾಕಿಸ್ತೀನಿ" ಅಂದಳು.

ಗಂಡ ಶೌಕಿ ಟ್ರಾಮ್ ಓಡಿಸುವವನು, ಜಗಳಕ್ಕೆ ಸೋಮಾರಿ. "ಹಾಕಿಸ್ಕೋ, ನಿನ್ನ ಚೀಟಿ" ಅಂದ. ಅತ್ತೆ ಮಾತ್ರ ಮೂಗು ಮುರಿದಳು.

"ನೀರು ಹರೀದೇ ಇರೋದು ನೆಲಾನಾ? ಅದು ಶುದ್ಧ ಆಗೋದು ಹೆಂಗೆ?"

"ಶುದ್ಧವಾಗೇ ಇರುತ್ತೆ ಅತ್ತೆ. ಕೊಳೆ ಮಾಡೋರು ಯಾರಿದಾರೆ ಇಲ್ಲಿ? ಮಕ್ಕಳೆಲ್ಲ ಮದುವೆಯಾಗಿ ಹೋದ್ರು."

ಬಹಿಯ್ಯಾ ಕೈಯ ಜಪಮಾಲೆ ತಿರುಗಿಸುತ್ತ ಕೂತಳು.

ಅಂಗಡಿಯಲ್ಲಿ ಆ ಸೇಲ್ಸಿನ ಹುಡುಗ ಏನು ಕಡಿಮೆ ಮಾತಾಡಿದನೇ! ಬೀಚ್ ಮರದ ಬಣ್ಣ, ಅಕ್ರೋಟಿನ ಬಣ್ಣ, ಓಕ್ ಬಣ್ಣ ಅಂತ ಹಲಗೆ ಚೂರುಗಳನ್ನೆಲ್ಲ ಹರಡಿದ. ಕಪ್ಪಗಿನದರಲ್ಲಿ ಧೂಳು ಕಾಣುತ್ತದೆ, ಬಿಳಿಚಿಕೊಂಡದ್ದು ಆಸ್ಪತ್ರೆಯ ಹಾಗಿದೆ ಅಂತ ಇನ್ಸಾಫ್ ಎಲ್ಲವನ್ನೂ ಸರಿಸಿ ಜೇನುತುಪ್ಪದ ಬಣ್ಣದ್ದೊಂದನ್ನು ಕೈಯಲ್ಲಿ ಸವರಿದಳು. ಹುಡುಗ ತನ್ನ ಚಹಾದ ಲೋಟವನ್ನು ಬೇರೊಂದು ಹಲಗೆಯ ಮೇಲೆ ಬಗ್ಗಿಸಿ, "ಇದು ನೋಡಿ ಅಮ್ಮ, ದುಬಾರಿ ಮಾಲು. ನೀರು ಬಿದ್ರೂ ಏನೂ ಆಗಲ್ಲ!" ಅಂದ.

"ಅದು ಬೇಡಪ್ಪ. ನೀರು ಬಿದ್ರೆ ಹಾಳಾಗೋ ಅಂಥದ್ದೇ ಕೊಡು."

"ಹಾಳಾಗೋದಾ?"

"ಹೂಂ. ಏನೂ ಆಗಲ್ಲ ಅಂದ್ರೆ, ಹಂಗಾದ್ರೆ ತೊಳಿ ಅಂತಾರೆ ನಮ್ಮನೇಲಿ."

ಹುಡುಗ ಲೋಟ ಕೆಳಗಿಟ್ಟು ಹಲಗೆ ಒರೆಸಿದ. ಇವಳು ಜೇನು ಬಣ್ಣದ್ದನ್ನೇ ಕೊಂಡಳು.

ಹಲಗೆ ಕೂಡಿಸಲು ಬಂದ ಮೇಸ್ತ್ರಿ ಗಿರ್ಗಿಸ್ ಹಳೆಯ ಟೈಲ್ಸ್ ಕೀಳಲಿಲ್ಲ. ಅದರ ಮೇಲೆಯೇ ಸ್ಪಂಜಿನಂಥ ಹಾಳೆ ಹಾಸಿ, ಒಂದರ ಅಂಚಿಗೆ ಇನ್ನೊಂದರ ಅಂಚು ಸಿಕ್ಕಿಸಿ, ರಬ್ಬರ್ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಬಡಿಯುತ್ತ ಹೋದ. ನೆಲ ಎತ್ತರವಾಗಿದ್ದಕ್ಕೆ ಬಾಗಿಲುಗಳ ಬುಡ ಕೊಯ್ಯಬೇಕಾಯಿತು. ಕೆಳಗಿನ ಮನೆಯ ತಾಮೆರನ ಅಮ್ಮ ಮೇಲೆ ಬಂದು, "ಏನೇ ಇದು, ಪಾಶಾನ ಅರಮನೇನಾ?" ಅಂತ ಚುಚ್ಚಿದಳು. ಅವಳಿಗೂ ಒಳಗೊಳಗೇ ಖುಷಿ, ಇನ್ನು ಬಟ್ಟೆಯ ಮೇಲೆ ಕೊಳೆನೀರು ಬೀಳುವುದಿಲ್ಲವಲ್ಲ.

ಆಮೇಲಿನ ಶುಕ್ರವಾರ ಇನ್ಸಾಫ್ ಏನೂ ಮಾಡಲಿಲ್ಲ. ಇದನ್ನು ದೊಡ್ಡ ಸುದ್ದಿ ಅಂತಲೇ ಹೇಳುತ್ತಿದ್ದೇನೆ. ಒಣಬಟ್ಟೆಯ ಕೋಲು ಒಂದು ಸಲ ಆಡಿಸಿದಳು, ಅಷ್ಟೇ. ಆಮೇಲೆ ಬಾಗಿಲು ಹಾಕಿ, ಆ ಜೇನು ಬಣ್ಣದ ನೆಲದ ಮೇಲೆ ಅಂಗಾತ ಮಲಗಿದಳು. ಬೆನ್ನಿಗೆ ತಣ್ಣಗೆ ಕೊರೆಯಲಿಲ್ಲ. ನೆಲ ಕೆಲಸ ಹೇಳದೆ ಸುಮ್ಮನಿದ್ದದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಹೀಗೆ ನಾಲ್ಕಾರು ಶುಕ್ರವಾರ ಸುಖವಾಗಿ ಕಳೆದವು.

ಒಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಮೆಟ್ಟಿಲಲ್ಲೇ ತಾಮೆರನ ಅಮ್ಮನ ಬೈಗುಳ ಕೇಳಿಸಿತು. "ನನ್ನ ಹೊಸಾ ಹೊದಿಕೆ ಕಣೇ! ಮತ್ತೆ ಶುರು ಹಚ್ಕೊಂಡ್ರಾ?" ಇನ್ಸಾಫ್ ಮಂಡಿ ನೋವೂ ಮರೆತು ಮೇಲಕ್ಕೆ ಓಡಿದಳು.

ಬಹಿಯ್ಯಾಳ ಕೋಣೆಯಿಂದ ನಡುಮನೆಯ ಉದ್ದಕ್ಕೂ ನೀರು ನಿಂತಿತ್ತು. ಹಲಗೆಗಳ ಸಂದಿಗಳೆಲ್ಲ ನೀರು ಕುಡಿದು ಕಪ್ಪಾಗಿದ್ದವು. ಚಹಾ ಕಾಯಿಸುವ ಪಾತ್ರೆ ಬಾಗಿಲಲ್ಲಿ ಉರುಳಿತ್ತು. ಬಕೆಟ್ ಎತ್ತುವ ಶಕ್ತಿ ಮುದುಕಿಗೆಲ್ಲಿದೆ, ಆ ಪುಟ್ಟ ಪಾತ್ರೆಯಲ್ಲೇ ಹೊತ್ತು ಹೊತ್ತು ಸುರಿದಿದ್ದಳು. ಈಗ ಮಂಚದ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಏನು ಮಾಡಿಬಿಟ್ಟೆ ಅತ್ತೆ!" ಇನ್ಸಾಫ್ ಕಿರುಚಿದಳು. "ನನ್ನ ಮೇಲೆ ಇಷ್ಟು ಹಟ ಯಾಕೆ ನಿಂಗೆ? ಜೀವಮಾನ ಪೂರ್ತಿ ನಿನ್ನ ನೆಲ ತೊಳೆದೆ. ಒಂದು, ಒಂದೇ ಒಂದು ಆಸೆ ಅತ್ತೆ ನಂದು! ಅದನ್ನೂ ನೋಡೋಕಾಗಲಿಲ್ವಾ ನಿನ್ನ ಕೈಲಿ?"

"ಕೊಳೆ ಇತ್ತು. ತೊಳೆದೆ" ಅಂದಳು ಬಹಿಯ್ಯಾ.

"ಯಾವ ಕೊಳೆ? ಬೆಳಗ್ಗೆ ತಾನೇ ಒರೆಸಿ ಹೋಗಿದ್ನಲ್ಲ!"

ಮುದುಕಿ ತಿರುಗಲಿಲ್ಲ. ಇನ್ಸಾಫ್ ಸಿಟ್ಟಿನಲ್ಲೇ ಗೋಣಿ ಬಟ್ಟೆ ತರಲು ಬಾಲ್ಕನಿಗೆ ಹೋದಳು. ಅಲ್ಲಿ ಹಗ್ಗದ ಮೇಲೆ, ಶೌಕಿಯ ದೊಡ್ಡ ಕೋಟಿನ ಹಿಂದೆ, ಯಾರಿಗೂ ಕಾಣದ ಹಾಗೆ, ಅತ್ತೆಯ ನಿಲುವಂಗಿ, ಒಳಬಟ್ಟೆ ನೇತುಬಿದ್ದಿದ್ದವು. ಹಿಂಡಲಾಗದೆ ಹಾಗೇ ಹಾಕಿದ್ದು, ಇನ್ನೂ ತೊಟತೊಟ ಸುರಿಯುತ್ತಿದ್ದವು.

ಅವಳು ಅಲ್ಲೇ ನಿಂತುಬಿಟ್ಟಳು. ಮುದುಕಿಗೆ ಬಚ್ಚಲ ತನಕ ಹೋಗಲಾಗಿಲ್ಲ. ದಾರಿಯಲ್ಲೇ ಆಗಿಹೋಗಿದೆ. ಉಚ್ಚೆ ಬಿದ್ದ ನೆಲ ನೀರು ಸುರಿದಲ್ಲದೆ ಶುದ್ಧವಾಗದು, ಅದರ ಮೇಲೆ ನಡೆದ ಕಾಲಲ್ಲಿ ನಮಾಜಿಗೆ ನಿಲ್ಲುವಂತಿಲ್ಲ. ಮನೆಯ ಹೆಂಗಸರಿಗೆಲ್ಲ ಇದನ್ನು ಕಲಿಸಿದವಳೇ ಈ ಬಹಿಯ್ಯಾ. ಮರದ ನೆಲ ಬೇಡವೆಂದು ಅಂದು ಅವಳು ಮೂಗು ಮುರಿದದ್ದು ಯಾಕೆಂದು ಇನ್ಸಾಫಳಿಗೆ ಈಗ ಹೊಳೆಯಿತು. ಇದು ಮೊದಲನೆಯ ಸಲವೇನಲ್ಲ. ಟೈಲ್ಸ್ ಇದ್ದಾಗ ಒಂದೆರಡು ಪಾತ್ರೆ ನೀರು ಸುರಿದು ಮುಚ್ಚಿಟ್ಟುಕೊಳ್ಳಬಹುದಿತ್ತು, ಮರ ಬಂದಮೇಲೆ ಆಗಲಿಲ್ಲ.

ಒಳಗೆ ಬಂದು ಮಂಚದ ಮೇಲೆ ಅತ್ತೆಯ ಪಕ್ಕ ಕೂತಳು.

"ಶೌಕಿಗೆ ಹೇಳ್ಬೇಡ" ಅಂದಳು ಬಹಿಯ್ಯಾ, ಗೋಡೆಗೆ ಹೇಳಿದಂತೆ. "ಗಂಡುಮಗ ಅವನು."

"ಸರಿ."

"ನಿನ್ನ ನೆಲ..."

"ಸಾಕು ಬಿಡು ಅತ್ತೆ. ಕಾಲು ಮೇಲೆತ್ತಿ ಕೂತ್ಕೋ, ಥಂಡಿ ಹಿಡಿಯುತ್ತೆ."

ಸಂಜೆಯ ಹೊತ್ತಿಗೆ ಹಲಗೆಗಳು ಅಂಚು ಎಬ್ಬಿಸಿಕೊಂಡು ಹಪ್ಪಳದ ಹಾಗೆ ಉಬ್ಬಿದವು. ಶೌಕಿ ಬಂದವನೇ ತಲೆ ಮೇಲೆ ಕೈಹೊತ್ತು ಗಿರ್ಗಿಸನನ್ನು ಕರೆಸಿದ. ಹೊದಿಕೆಯ ಪಂಚಾಯಿತಿಗೆ ತಾಮೆರನ ಅಮ್ಮನೂ ಬಂದಳು.

"ಯಾರು ನೀರು ಸುರಿದಿದ್ದು?" ಅಂದ ಶೌಕಿ. ಅವನ ಕಣ್ಣು ಅಮ್ಮನ ಕೋಣೆಯ ಕಡೆ ಹೋಯಿತು. ಒಳಗೆ ಜಪಮಾಲೆಯ ಸದ್ದು ನಿಂತಿತು.

"ನಾನೇ" ಅಂದಳು ಇನ್ಸಾಫ್. "ಶಾಲೆಯಿಂದ ಬಂದೆ, ಸುಸ್ತಾಗಿತ್ತು, ಬುದ್ಧಿ ಎಲ್ಲಿತ್ತೋ ಏನೋ. ಕೈಗೆ ಅಭ್ಯಾಸ ನೋಡು, ಸುರಿದೇಬಿಟ್ಟೆ."

ತಾಮೆರನ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅರಮನೆ ಕೊಟ್ರೂ ನೀನು ಆಯಾನೇ ಕಣೇ!" ಶೌಕಿಗೂ ನಗು ತಡೆಯಲಾಗಲಿಲ್ಲ. ಮಾತು ಮೆಟ್ಟಿಲಿಳಿದು ಬೀದಿ ಸೇರಿತು. ತರಕಾರಿಯವನು ಈಗಲೂ ಅವಳನ್ನು ಕಂಡರೆ, "ಏನಮ್ಮ, ಮರಕ್ಕೆ ನೀರು ಹಾಕಿದ್ರಾ, ಚಿಗುರಿತಾ?" ಅಂತ ಕೇಳುತ್ತಾನೆ. ಅವಳು ಟೊಮ್ಯಾಟೊ ಆರಿಸುತ್ತ, "ಹೂಂ, ಹಣ್ಣು ಬಿಟ್ಟ ಮೇಲೆ ಕಳಿಸ್ತೀನಿ" ಅನ್ನುತ್ತಾಳೆ.

ಗಿರ್ಗಿಸ್ ಬಹಿಯ್ಯಾಳ ಕೋಣೆಯಲ್ಲಿ, ಅಲ್ಲಿಂದ ಬಚ್ಚಲಿನವರೆಗೆ ಹಲಗೆ ಕಿತ್ತುಹಾಕಿದ. ಅಡಿಯಲ್ಲಿ ಅದೇ ಹಳೆಯ ಟೈಲ್ಸ್, ಏನೂ ಆಗದವರ ಹಾಗೆ ತೆಪ್ಪಗೆ ಬಿದ್ದಿದ್ದವು. ಉಳಿದದ್ದರಲ್ಲಿ ಒಣಗಿ ಸರಿಯಾದಷ್ಟು ಸರಿಯಾಯಿತು, ಮಿಕ್ಕದ್ದು ಕಾಲಿಗೆ ತಾಗುತ್ತದೆ. ಅದರ ಮೇಲೆ ಮತ್ತೆ ಅಂಗಾತ ಮಲಗಲು ಅವಳಿಗೆ ಮನಸ್ಸು ಬರಲಿಲ್ಲ.

ಮೊದಲು ಮನೆಯಲ್ಲಿ ಶುಕ್ರವಾರ ಮಾತ್ರ ಬಗ್ಗುತ್ತಿದ್ದವಳು ಈಗ ದಿನಾ ಬಗ್ಗುತ್ತಾಳೆ. ಶಾಲೆಯ ಮೊಗಸಾಲೆ ತೊಳೆದು, ಟ್ರಾಮಿನಲ್ಲಿ ನಿಂತುಕೊಂಡೇ ಬಂದು, ಚಪ್ಪಲಿ ಬಿಟ್ಟವಳೇ ಬಕೆಟ್ ತುಂಬಿಸುತ್ತಾಳೆ. ಅತ್ತೆಯ ಕೋಣೆಯ ನೆಲ ಒದ್ದೆಯಿರಲಿ ಒಣಗಿರಲಿ, ನೋಡುವುದೇ ಇಲ್ಲ. ಯಾವ ದಿನ ತೊಳೆಯಬೇಕಿತ್ತು, ಯಾವ ದಿನ ಬೇಕಿರಲಿಲ್ಲ ಅನ್ನುವುದು ಮನೆಯಲ್ಲಿ ಯಾರಿಗೂ ತಿಳಿಯಬಾರದು, ತನಗೂ ತಿಳಿಯಬಾರದು.

"ಇವತ್ತೇನೂ ಇಲ್ಲ ಮಗಳೇ" ಅನ್ನುತ್ತಾಳೆ ಬಹಿಯ್ಯಾ ಕೆಲವು ದಿನ. "ನಿನ್ನ ಮಂಡಿ..."

"ಇದ್ರೇನು, ಇಲ್ದಿದ್ರೇನು" ಅನ್ನುತ್ತಾಳೆ ಇನ್ಸಾಫ್, ಒಂದು ಕೈಯಲ್ಲಿ ಮಂಚದ ಕಾಲು ಹಿಡಿದು ಮೆಲ್ಲಗೆ ಕೆಳಗೆ ಕೂರುತ್ತ. "ಕಾಲೆತ್ತು ಅತ್ತೆ. ನೀರು ಬಿಡ್ತೀನಿ."